ಹಿರಿಯರ ದಿನನಿತ್ಯದ ಆರೈಕೆ ಮತ್ತು ಸ್ವಾವಲಂಬನೆ: ಕುಟುಂಬಗಳು ಹಾಗೂ ಸೇವಾಕರ್ತರು ತಿಳಿದಿರಬೇಕಾದ ವಿಷಯಗಳು

ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಇಂದು ವಯಸ್ಸಾದವರು ಮಾತ್ರ ಉಳಿದಿದ್ದಾರೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಮುಂಬಯಿ, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ಊರಿನ ಮನೆಯಲ್ಲಿ ತಂದೆತಾಯಿ, ಕೆಲವೊಮ್ಮೆ ಅವರಲ್ಲಿ ಒಬ್ಬರೇ ಇರುತ್ತಾರೆ. ಇಂಥ ಮನೆಗಳಿಗೆ ಹೋದಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಬಿಪಿ, ಶುಗರ್ ಹೇಗಿದೆ?" ಎಂಬುದು. ಆದರೆ "ಸ್ನಾನ ನೀವೇ ಮಾಡುತ್ತೀರಾ? ರಾತ್ರಿ ಶೌಚಾಲಯಕ್ಕೆ ಒಬ್ಬರೇ ಹೋಗಲು ಆಗುತ್ತದೆಯೇ?" ಎಂದು ಕೇಳುವವರು ಕಡಿಮೆ. ಹಿರಿಯರು ತಮ್ಮ ಮನೆಯಲ್ಲೇ ನೆಮ್ಮದಿಯಿಂದ ಬಾಳಬಲ್ಲರೇ, ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಸಣ್ಣ ಪ್ರಶ್ನೆಗಳ ಉತ್ತರದಿಂದಲೇ ತಿಳಿಯುತ್ತದೆ.

ನಾವು ಭೇಟಿ ನೀಡುತ್ತಿದ್ದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಮನೆಯವರ ಪ್ರೀತಿಗೂ ಕೊರತೆ ಇರಲಿಲ್ಲ. ಸೊಸೆ ಗಂಜಿ ತಿನ್ನಿಸುತ್ತಿದ್ದರು, ಮಗಳು ತಲೆ ಬಾಚುತ್ತಿದ್ದರು, ಶೌಚಕ್ಕೆ ಡಯಾಪರ್ ಕಟ್ಟಿದ್ದರು. "ಅಮ್ಮ ಏನೂ ಮಾಡುವುದು ಬೇಡ, ವಿಶ್ರಾಂತಿ ತೆಗೆದುಕೊಳ್ಳಲಿ" ಎಂಬುದು ಅವರ ಮಾತು. ಮೂರು ತಿಂಗಳಾಗುವಾಗ ಅಜ್ಜಿಗೆ ಚಮಚ ಹಿಡಿಯಲೂ ಮನಸ್ಸು ಬರುತ್ತಿರಲಿಲ್ಲ. ಮುರಿದದ್ದು ಸೊಂಟ; ನಿಂತುಹೋದದ್ದು ಕೈ. ಅಲ್ಲಿ ಯಾರದ್ದೂ ತಪ್ಪಿರಲಿಲ್ಲ, ತಿಳಿವಳಿಕೆ ಮಾತ್ರ ಕಡಿಮೆಯಿತ್ತು. ಆ ತಿಳಿವಳಿಕೆಯನ್ನು ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ.

ಆರು ಮೂಲ ಕೆಲಸಗಳು

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು, ಸೊಂಟದ ಮೂಳೆ ಮುರಿದ ವೃದ್ಧರು ಹೇಗೆ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸುತ್ತಾ ಒಂದು ಪಟ್ಟಿಯನ್ನು ರೂಪಿಸಿದರು. 1963ರಲ್ಲಿ ಪ್ರಕಟವಾದ ಈ ಪಟ್ಟಿಯನ್ನು ಇಂದಿಗೂ ವೈದ್ಯರು ಬಳಸುತ್ತಾರೆ. ಅದರಲ್ಲಿರುವ ಆರು ಕೆಲಸಗಳು ಇವು:

1. ಸ್ನಾನ
2. ಬಟ್ಟೆ ತೊಡುವುದು
3. ಶೌಚಾಲಯಕ್ಕೆ ಹೋಗಿ ಶುಚಿ ಮಾಡಿಕೊಳ್ಳುವುದು
4. ಹಾಸಿಗೆ, ಕುರ್ಚಿಯಿಂದ ಏಳುವುದು, ಕುಳಿತುಕೊಳ್ಳುವುದು
5. ಮಲಮೂತ್ರದ ಹಿಡಿತ
6. ಊಟ ಮಾಡುವುದು

ಈ ಆರರಲ್ಲಿ ಒಂದು ಕ್ರಮ ಇರುವುದನ್ನು ಕಾಟ್ಜ್ ಗಮನಿಸಿದರು. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ. ಕೊನೆಯವರೆಗೆ ಉಳಿಯುವುದು ಕೈಯಾರೆ ಊಟ ಮಾಡುವ ಶಕ್ತಿ. ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಇದೇ ಕ್ರಮ ತಿರುಗುಮುರುಗಾಗುತ್ತದೆ. ಮಗು ಕಲಿಯುವಂತೆ ಮೊದಲು ಊಟ, ಕೊನೆಗೆ ಸ್ನಾನ. ಆದುದರಿಂದ ಹಿರಿಯರು ಸ್ನಾನಕ್ಕೆ ಹಿಂಜರಿಯುತ್ತಿದ್ದರೆ ಅದು ಸೋಮಾರಿತನ ಎಂದುಕೊಳ್ಳಬಾರದು. ಬೀಳುವ ಭಯ, ಕೈ ಮೇಲೆತ್ತಲಾಗದ ನೋವು, ಮರೆವು, ಮನಸ್ಸಿನ ಕುಗ್ಗುವಿಕೆ ಯಾವುದೂ ಕಾರಣವಿರಬಹುದು. ಅದು ನಮಗೆ ಸಿಗುವ ಮೊದಲ ಎಚ್ಚರಿಕೆ.

ಎಂಟು ಹೊರ ಕೆಲಸಗಳು

1969ರಲ್ಲಿ ಲಾಟನ್ ಮತ್ತು ಬ್ರಾಡಿ ಎಂಬ ತಜ್ಞರು ಇನ್ನೊಂದು ಪಟ್ಟಿ ಕೊಟ್ಟರು. ಫೋನ್ ಬಳಸುವುದು, ಅಂಗಡಿಗೆ ಹೋಗುವುದು, ಅಡುಗೆ, ಮನೆ ಶುಚಿ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುವುದು ಮತ್ತು ಹಣಕಾಸು ನೋಡಿಕೊಳ್ಳುವುದು. ಇವು ಮೊದಲಿನ ಆರಕ್ಕಿಂತ ಹೆಚ್ಚು ಯೋಚನೆ ಬೇಡುವ ಕೆಲಸಗಳು. ಮರೆವಿನ ಕಾಯಿಲೆ ಶುರುವಾಗುವಾಗ ಹೆಚ್ಚಾಗಿ ಇವುಗಳಲ್ಲೇ ಮೊದಲು ಏರುಪೇರು ಕಾಣುತ್ತದೆ. ಕರೆಂಟ್ ಬಿಲ್ಲು ಎರಡು ಸಲ ಕಟ್ಟಿದ್ದು, ಒಂದೇ ಮಾತ್ರೆಯನ್ನು ಮತ್ತೆ ನುಂಗಿದ್ದು, ದಿನವೂ ಮಾಡುತ್ತಿದ್ದ ಮೀನು ಸಾರಿಗೆ ಉಪ್ಪೇ ಹಾಕದೆ ಇದ್ದದ್ದು ಇತ್ಯಾದಿ.

ನಮ್ಮ ದೇಶದಲ್ಲಿ 2017-18ರಲ್ಲಿ ನಡೆದ ವೃದ್ಧಾಪ್ಯ ಕುರಿತ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅರುವತ್ತು ದಾಟಿದವರಲ್ಲಿ ಸುಮಾರು ಕಾಲುಭಾಗದವರಿಗೆ ಮೂಲ ಕೆಲಸಗಳಲ್ಲಿ ಒಂದರಲ್ಲಾದರೂ ತೊಂದರೆ ಇತ್ತು. ಹೊರ ಕೆಲಸಗಳ ವಿಚಾರದಲ್ಲಿ ಈ ಪ್ರಮಾಣ ಸರಿಸುಮಾರು ಅರ್ಧದಷ್ಟಿತ್ತು. ಅಂದರೆ ಇದು ಯಾವುದೋ ಒಂದೆರಡು ಮನೆಗಳ ಸಮಸ್ಯೆಯಲ್ಲ.

ಶಕ್ತಿ ಏಕೆ ಕುಂದುತ್ತದೆ?

ವಯಸ್ಸಾದಂತೆ ಮಾಂಸಖಂಡಗಳು ಕರಗುತ್ತವೆ. ಹಾಸಿಗೆ ಹಿಡಿದರೆ ಇದು ಬಹಳ ಬೇಗ ಆಗುತ್ತದೆ. ಜ್ವರಕ್ಕೆಂದು ಒಂದು ವಾರ ಮಲಗಿದ ವೃದ್ಧರು, ಜ್ವರ ಬಿಟ್ಟರೂ ನಡೆಯಲಾರದಂತಾಗುವುದನ್ನು ನಾವು ನೋಡಿದ್ದೇವೆ. ಆದುದರಿಂದ ವೈದ್ಯರು ಬೇಡ ಎನ್ನದಿದ್ದರೆ, ಆಸ್ಪತ್ರೆಯಲ್ಲಿರುವಾಗಲೇ ದಿನಕ್ಕೆ ಕೆಲವು ಬಾರಿ ಎದ್ದು ಕುಳಿತುಕೊಳ್ಳುವುದು, ಊಟವನ್ನು ಕುರ್ಚಿಯಲ್ಲಿ ಕುಳಿತು ಮಾಡುವುದು, ನಾಲ್ಕು ಹೆಜ್ಜೆ ಹಾಕುವುದು ಅಗತ್ಯ.

ಎರಡನೆಯ ಕಾರಣ ಆಹಾರ. ಹಲ್ಲಿಲ್ಲ, ಹಸಿವಿಲ್ಲ ಎಂದು ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲೇ ಮುಗಿಸುವವರು ಅನೇಕ. ಹೊಟ್ಟೆ ತುಂಬುತ್ತದೆ, ಆದರೆ ಮಾಂಸಖಂಡಕ್ಕೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರು ಹೇಳುತ್ತಾರೆ. 50 ಕಿಲೋ ತೂಕದವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಗಂಜಿಯ ಜೊತೆಗೆ ಬೇಯಿಸಿದ ಹೆಸರುಕಾಳು, ಮುಳ್ಳು ತೆಗೆದ ಮೀನು, ಮೊಟ್ಟೆ, ಮೊಸರು ಸೇರಿದರೆ ಇದನ್ನು ಹೊಂದಿಸಬಹುದು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಬದಲಾವಣೆ ಮಾಡಬೇಕು.

ಮೂರನೆಯ ಕಾರಣ ನಮ್ಮ ಅತಿಯಾದ ಸಹಾಯ. ಬಳಸದ ಶಕ್ತಿ ಉಳಿಯುವುದಿಲ್ಲ.

ಒಂದೊಂದು ಕೆಲಸಕ್ಕೂ ಸುಲಭ ಉಪಾಯಗಳು

ಸ್ನಾನ: ಬಚ್ಚಲಲ್ಲಿ ಅಲುಗಾಡದ ಸ್ಟೂಲ್ ಅಥವಾ ಕುರ್ಚಿ ಇಡಿ, ಕುಳಿತೇ ಸ್ನಾನ ಮಾಡಲಿ. ಗೋಡೆಗೆ ಗಟ್ಟಿಯಾದ ಸ್ಟೀಲ್ ಹಿಡಿ ಹಾಕಿಸಿ. ನಲ್ಲಿ ಅಥವಾ ಟವೆಲ್ ಹಾಕುವ ಸರಳು ದೇಹದ ಭಾರ ತಡೆಯುವುದಿಲ್ಲ. ಹಂಡೆಯ ಬಿಸಿನೀರು ಬಳಸುವ ಮನೆಗಳಲ್ಲಿ ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನಲ್ಲಿ ಬಿಸಿ ಗೊತ್ತಾಗದೆ ಸುಟ್ಟಗಾಯ ಆಗುವುದುಂಟು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರಲಿ. ಪರದೆ ಸಾಕು, ಮರ್ಯಾದೆಯೂ ಉಳಿಯುತ್ತದೆ. ಸೋಪು ಮಿತವಾಗಿ ಬಳಸಿ. ಒಣಚರ್ಮಕ್ಕೆ ಸ್ನಾನದ ನಂತರ ತೆಂಗಿನೆಣ್ಣೆ ಸವರಿ. ಆದರೆ ಅಂಗಾಲಿಗೆ ಎಣ್ಣೆ ಹಚ್ಚಿ ಕೂಡಲೇ ನಡೆಯುವುದು ಬೇಡ. ಕಾಲ್ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಸಕ್ಕರೆ ಕಾಯಿಲೆಯವರ ಪಾದವನ್ನು ದಿನವೂ ನೋಡಬೇಕು.

ಬಟ್ಟೆ: ಮುಂದೆ ತೆರೆಯುವ ಅಂಗಿ, ದೊಡ್ಡ ಗುಂಡಿ, ಸೊಂಟಕ್ಕೆ ಎಲಾಸ್ಟಿಕ್ ಇದ್ದರೆ ಸುಲಭ. ನೆಲಕ್ಕೆ ತಾಗುವ ನೈಟಿ, ಲುಂಗಿಗಳು ಕಾಲಿಗೆ ತೊಡರುತ್ತವೆ, ಗಿಡ್ಡ ಮಾಡಿಸಿ. ಕುಳಿತುಕೊಂಡೇ ಬಟ್ಟೆ ತೊಡಲಿ. ಪಾರ್ಶ್ವವಾಯು ಆದವರು ತೊಡುವಾಗ ಮೊದಲು ಬಲವಿಲ್ಲದ ಕೈಗೆ ತೋಳು ಹಾಕಬೇಕು, ಬಿಚ್ಚುವಾಗ ಆ ಕೈಯಿಂದ ಕೊನೆಗೆ ತೆಗೆಯಬೇಕು. ಮರೆವು ಇರುವವರಿಗೆ ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ಮಂಚದ ಮೇಲೆ ಜೋಡಿಸಿಟ್ಟರೆ ತಾವೇ ತೊಡುತ್ತಾರೆ. ಭಾನುವಾರದ ಸೀರೆ ಉಡುವ ಆಸೆ ಇದ್ದರೆ ನೆರಿಗೆ ಹಿಡಿಯಲು ಮಾತ್ರ ಸಹಾಯ ಮಾಡಿ.

ಶೌಚ: ನಮ್ಮ ಹಳೆಯ ಮನೆಗಳಲ್ಲಿ ಶೌಚಾಲಯ ಅಂಗಳದ ಆಚೆ ಇರುತ್ತದೆ. ರಾತ್ರಿ, ಮಳೆಯಲ್ಲಿ ಅಲ್ಲಿಗೆ ಹೋಗುವುದೇ ಅಪಾಯ. ಮಂಚದ ಬಳಿ ಕಮೋಡ್ ಕುರ್ಚಿ ಇಡಬಹುದು. ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಇಂಡಿಯನ್ ಶೌಚಾಲಯದ ಮೇಲೆ ಇಡುವ ಸ್ಟ್ಯಾಂಡ್ ವೈದ್ಯಕೀಯ ಸಾಮಗ್ರಿಗಳ ಅಂಗಡಿಗಳಲ್ಲಿ ಸಿಗುತ್ತದೆ.

ಮೂತ್ರದ ಹಿಡಿತ: ಮೂತ್ರ ಹಿಡಿಯಲಾಗದಿರುವುದು ವಯಸ್ಸಿನ ಸಹಜ ಲಕ್ಷಣವಲ್ಲ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ, ಮಲಬದ್ಧತೆ, ಕೆಲವು ಮಾತ್ರೆಗಳು ಇವೆಲ್ಲ ಕಾರಣಗಳಾಗುತ್ತವೆ. ಹಲವಕ್ಕೆ ಚಿಕಿತ್ಸೆ ಇದೆ. ನಾಚಿಕೆಯಿಂದ ಹೇಳದೆ, ನೀರು ಕುಡಿಯುವುದನ್ನೇ ನಿಲ್ಲಿಸುವವರಿದ್ದಾರೆ. ಅದರಿಂದ ಸೋಂಕು, ಮಲಬದ್ಧತೆ ಹೆಚ್ಚುತ್ತದೆ. ಹಗಲು ಬೇಕಾದಷ್ಟು ನೀರು ಕುಡಿದು, ಸಂಜೆಯ ನಂತರ ಕಡಿಮೆ ಮಾಡಲಿ. ಎರಡು ಮೂರು ಗಂಟೆಗೊಮ್ಮೆ ನೆನಪಿಸಿ ಶೌಚಾಲಯಕ್ಕೆ ಕರೆದೊಯ್ದರೆ ಅನೇಕರಿಗೆ ಡಯಾಪರ್ ಬೇಕಾಗುವುದಿಲ್ಲ.

ಏಳುವುದು, ನಡೆಯುವುದು: ಮಂಚ ಮತ್ತು ಕುರ್ಚಿಯ ಎತ್ತರ, ಕುಳಿತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತಿರಬೇಕು. ಕುರ್ಚಿಗೆ ಕೈಗಳಿರಲಿ. ಏಳುವಾಗ ಮುಂದಕ್ಕೆ ಸರಿದು, ಪಾದಗಳನ್ನು ಹಿಂದಕ್ಕೆ ಎಳೆದು, ಮುಂದೆ ಬಾಗಿ ಏಳಬೇಕು. ಮಲಗಿದಲ್ಲಿಂದ ಥಟ್ಟನೆ ಏಳುವುದು ಬೇಡ. ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕುಳಿತು ಆಮೇಲೆ ನಿಲ್ಲಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ನಿಂತ ಕೂಡಲೇ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು. ಎಬ್ಬಿಸುವವರು ಕೈ ಅಥವಾ ಕಂಕುಳು ಹಿಡಿದು ಎಳೆಯಬಾರದು. ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಊರುಗೋಲು: ನೋವಿರುವ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಊರುಗೋಲು ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಅದರ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಯ ರಬ್ಬರ್ ಸವೆದರೆ ಬದಲಾಯಿಸಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಊಟ: ಬೆನ್ನು ನೇರವಾಗಿ ಕುಳಿತು ಉಣ್ಣಬೇಕು. ಊಟದ ನಂತರ ಅರ್ಧ ಗಂಟೆ ಮಲಗಬಾರದು. ನೀರು ಕುಡಿಯುವಾಗ ಪದೇ ಪದೇ ಕೆಮ್ಮು ಬಂದರೆ ನುಂಗುವ ತೊಂದರೆ ಇರಬಹುದು, ವೈದ್ಯರಿಗೆ ತೋರಿಸಿ. ಕೈ ನಡುಗುವವರಿಗೆ ದಪ್ಪ ಹಿಡಿಯ ಚಮಚ, ಅಂಚು ಎತ್ತರವಿರುವ ತಟ್ಟೆ ಕೊಡಿ. ಚೆಲ್ಲಿದರೆ ಚೆಲ್ಲಲಿ, ಬೈಯಬೇಡಿ. ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ತೊಳೆದಿಡಬೇಕು.

ಮನೆ ಮತ್ತು ಅಂಗಳ

ಕರಾವಳಿಯ ಮಳೆಗಾಲ ಹಿರಿಯರಿಗೆ ಪರೀಕ್ಷೆಯ ಕಾಲ. ಕೆಂಪುಕಲ್ಲಿನ ಮೆಟ್ಟಿಲು, ಸಿಮೆಂಟಿನ ಅಂಗಳ ಎಲ್ಲವೂ ಪಾಚಿ ಹಿಡಿದು ಜಾರುತ್ತವೆ. ಅಂಗಳಕ್ಕೆ ಅಡಿಕೆ ಸೋಗೆ, ಅಡಿಕೆ ಮರದ ಸಲಾಕೆ ಹಾಸುವ ನಮ್ಮ ಹಿರಿಯರ ಪದ್ಧತಿ ಬಹಳ ಒಳ್ಳೆಯದು. ಸಿಮೆಂಟಿನ ಅಂಗಳವನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆಯಬೇಕು. ಎತ್ತರದ ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ ಬಳಿದರೆ ಕಣ್ಣು ಮಂದವಾದವರಿಗೂ ಕಾಣುತ್ತದೆ. ಬಾಗಿಲಲ್ಲಿ ಮಡಚಿಕೊಳ್ಳುವ ಕಾಲೊರಸು ಬೇಡ. ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಕರೆಂಟ್ ಹೋಗುವ ದಿನಗಳಿಗೆ ದಿಂಬಿನ ಬಳಿ ಟಾರ್ಚ್ ಇರಲಿ. ಸವೆದ ಹವಾಯಿ ಚಪ್ಪಲಿ ಬಿಸಾಡಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ.

ಸಹಾಯ ಎಷ್ಟು ಮಾಡಬೇಕು?

ನಮ್ಮ ಸಲಹೆ ಮೂರು ಮೆಟ್ಟಿಲಿನದು. ಮೊದಲು ಬಾಯಲ್ಲಿ ಹೇಳಿ. ಆಗದಿದ್ದರೆ ಮಾಡಿ ತೋರಿಸಿ. ಅದೂ ಆಗದಿದ್ದರೆ ಮಾತ್ರ ಕೈ ಹಾಕಿ, ಅದೂ ಅವರಿಂದಾಗದ ಭಾಗಕ್ಕೆ ಮಾತ್ರ. ಬೆನ್ನು ಉಜ್ಜಲು ಆಗದಿದ್ದರೆ ಬೆನ್ನು ಮಾತ್ರ ಉಜ್ಜಿ, ಮುಖ ಅವರೇ ತೊಳೆದುಕೊಳ್ಳಲಿ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ ನಿಜ. ಆ ಅರ್ಧ ಗಂಟೆ ಅವರ ವ್ಯಾಯಾಮವೂ ಹೌದು. ಹೋಮ್ ನರ್ಸ್ ಇಟ್ಟುಕೊಂಡಿರುವ ಮನೆಯವರು ಈ ಮಾತನ್ನು ಅವರಿಗೂ ಸ್ಪಷ್ಟವಾಗಿ ಹೇಳಬೇಕು. ಇಲ್ಲದಿದ್ದರೆ ಕೆಲಸ ಬೇಗ ಮುಗಿಸಲು ಎಲ್ಲವನ್ನೂ ಅವರೇ ಮಾಡಿಬಿಡುತ್ತಾರೆ.

ತೀರ್ಮಾನಗಳೂ ಹಾಗೆಯೇ. ಯಾವ ಅಂಗಿ, ಯಾವಾಗ ಸ್ನಾನ, ಎಂಥ ಮೀನು ಎಂದು ಅವರನ್ನು ಕೇಳಿ. ಪಿಂಚಣಿಯ ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ. ಅವರ ಎದುರಿಗೇ ಅವರ ಬಗ್ಗೆ ಮೂರನೆಯವರೆಂಬಂತೆ ಮಾತಾಡಬೇಡಿ.

ಕುರ್ಚಿಯ ಪರೀಕ್ಷೆ

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿರುವ ಒಂದು ಸುಲಭ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಗೋಡೆಗೆ ತಾಗಿಸಿಟ್ಟ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಎದ್ದು ಕುಳಿತುಕೊಳ್ಳಬೇಕು. 14 ಸೆಕೆಂಡಿನೊಳಗೆ ಆಗದಿದ್ದರೆ ಕಾಲಿನ ಬಲ ಕಡಿಮೆಯಾಗಿದೆ ಎಂದರ್ಥ. ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಮೊದಲೇ ಬಿದ್ದವರು, ತಲೆ ಸುತ್ತುವವರು ಇದನ್ನು ವೈದ್ಯರ ಬಳಿಯೇ ಮಾಡಲಿ.

ಬಲ ಹೆಚ್ಚಿಸುವ ಉಪಾಯವೂ ಅದೇ ಕುರ್ಚಿ. ದಿನವೂ ಕೆಲವು ಬಾರಿ ಎದ್ದು ಕುಳಿತುಕೊಳ್ಳುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಕಾಲಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು. ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ, ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಷ್ಟು ಆಗದವರು ಆದಷ್ಟು ಮಾಡಲಿ.

ಇದು ವಯಸ್ಸಲ್ಲ, ಕಾಯಿಲೆ

ನಿನ್ನೆಯವರೆಗೆ ತಾವೇ ಉಣ್ಣುತ್ತಿದ್ದವರು ಇಂದು ಉಣ್ಣಲಾರದಾದರೆ, ಥಟ್ಟನೆ ಅಸಂಬದ್ಧ ಮಾತಾಡಿದರೆ, ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ "ವಯಸ್ಸಾಯಿತು" ಎಂದು ಸುಮ್ಮನಿರಬೇಡಿ. ವಯಸ್ಸು ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಕುಸಿತ, ಹೊಸ ಮಾತ್ರೆಯ ಪರಿಣಾಮ ಇತ್ಯಾದಿ ಕಾರಣವಿರಬಹುದು. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಬಾರದಿರುವುದುಂಟು. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುವಂಥದ್ದು. ಕೂಡಲೇ 108ಕ್ಕೆ ಕರೆ ಮಾಡಿ.

ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಬೆನ್ನಿನ ಕೆಳಭಾಗ, ಹಿಮ್ಮಡಿಗಳಲ್ಲಿ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಕೆಂಪಾದ ಜಾಗವನ್ನು ಉಜ್ಜಬಾರದು.

ಸರಕಾರದ ಸವಲತ್ತುಗಳು

1. ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಆರಂಭವಾಯಿತು. ಕಡಿಮೆ ಆದಾಯದ, 60 ದಾಟಿದವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಸಾಧನ, ಕನ್ನಡಕ, ಕೃತಕ ದಂತ ಮುಂತಾದವನ್ನು ಉಚಿತವಾಗಿ ನೀಡುವ ಯೋಜನೆ ಇದು. ವಿವರಗಳನ್ನು ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಬಹುದು.
2. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಮಾಹಿತಿ, ಮಾರ್ಗದರ್ಶನ, ದೌರ್ಜನ್ಯದ ದೂರುಗಳಿಗೆ ಕರೆ ಉಚಿತ.
3. 70 ದಾಟಿದವರಿಗೆ ಮನೆಬಾಗಿಲಿಗೆ ಮೂಲ ಬ್ಯಾಂಕ್ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಪಿಂಚಣಿದಾರರ ಜೀವನ ಪ್ರಮಾಣಪತ್ರವನ್ನು ಮನೆಯಲ್ಲೇ ಡಿಜಿಟಲ್ ಆಗಿ ಮಾಡುವ ವ್ಯವಸ್ಥೆ 2014ರಿಂದ ಇದೆ.
4. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ರಕ್ಷಣೆಯ ಕಾಯಿದೆಯಡಿ, ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಸಹಾಯಕ ಆಯುಕ್ತರ ಕಚೇರಿಯಲ್ಲಿರುವ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ ರದ್ದುಪಡಿಸಲೂ ಅವಕಾಶವಿದೆ.

ಮನೆಭೇಟಿ ಮಾಡುವವರ ಗಮನಕ್ಕೆ

ವಾಳೆಯ ಗುರಿಕಾರರು, ಧರ್ಮಭಗಿನಿಯರು, ರೋಗಿಗಳಿಗೆ ಪರಮಪ್ರಸಾದ ಒಯ್ಯುವವರು ಹಿರಿಯರ ಮನೆಯೊಳಗೆ ಕಾಲಿಡುವ ಅವಕಾಶ ಇರುವವರು. ವೈದ್ಯರು ಕಾಣದ್ದನ್ನು ಇವರು ಕಾಣುತ್ತಾರೆ. ಹೋದಾಗ ಕಣ್ಣಿಗೆ ಬೀಳಬೇಕಾದವು: ಉಗುರು, ತಲೆಗೂದಲು ಶುಚಿ ಇದೆಯೇ? ಅಂಗಿ ಸಡಿಲವಾಗಿ ತೂಕ ಇಳಿದಂತಿದೆಯೇ? ಮೂತ್ರದ ವಾಸನೆ ಇದೆಯೇ? ಮಾತ್ರೆಗಳು ಹಾಗೆಯೇ ಉಳಿದಿವೆಯೇ? ಒಲೆ ಉರಿದ ಗುರುತಿದೆಯೇ? ಮೈಮೇಲೆ ಕಾರಣ ಹೇಳದ ಪೆಟ್ಟಿನ ಗುರುತುಗಳಿವೆಯೇ? ಕಂಡದ್ದನ್ನು ಊರಿಗೆಲ್ಲ ಹೇಳಬಾರದು. ಹಿರಿಯರ ಒಪ್ಪಿಗೆ ಪಡೆದು, ಮಕ್ಕಳಿಗೋ ಆಶಾ ಕಾರ್ಯಕರ್ತೆಗೋ ತಿಳಿಸಬೇಕು.

ಅವರನ್ನು ನೋಡಿಕೊಳ್ಳುತ್ತಿರುವ ಮಗಳನ್ನೋ ಸೊಸೆಯನ್ನೋ "ನಿನಗೆ ನಿದ್ದೆ ಆಗುತ್ತಿದೆಯಾ?" ಎಂದು ವಿಚಾರಿಸುವುದನ್ನು ಮರೆಯಬೇಡಿ. ವಾರಕ್ಕೆ ಎರಡು ಗಂಟೆ ವಾಳೆಯವರು ಯಾರಾದರೂ ಹಿರಿಯರ ಜೊತೆ ಕುಳಿತರೆ, ಆಕೆ ಸಂತೆಗೆ ಹೋಗಿಬರಬಹುದು, ಇಲ್ಲವೇ ಸುಮ್ಮನೆ ಮಲಗಬಹುದು.

ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದರು. ಅದು ಜುಲೈ ತಿಂಗಳ ನಾಲ್ಕನೆಯ ಭಾನುವಾರ ಬರುತ್ತದೆ. ನಮ್ಮಲ್ಲಿ ಅದು ಜಡಿಮಳೆಯ ಕಾಲ. ದೇವಾಲಯದಲ್ಲಿ ಹಿರಿಯರಿಗೆ ಹೂ ಕೊಟ್ಟು ಗೌರವಿಸುವಾಗ, ಪಾಚಿ ಹಿಡಿದ ಅಂಗಳ ದಾಟಲಾಗದೆ ಮನೆಯಲ್ಲೇ ಉಳಿದವರು ಅದಕ್ಕಿಂತ ಹೆಚ್ಚು ಮಂದಿ ಇರುತ್ತಾರೆ. ಆ ಭಾನುವಾರಕ್ಕೆ ಮೊದಲೇ ಪ್ರತಿ ವಾಳೆಯ ಯುವಕರು ಒಂದು ಬ್ರಶ್ಶು, ಒಂದು ಕಿಲೋ ಬ್ಲೀಚಿಂಗ್ ಪೌಡರ್ ಹಿಡಿದು ಅಂಥ ಅಂಗಳಗಳನ್ನು ತೊಳೆದುಕೊಡಲಿ. ಬಚ್ಚಲಿಗೆ ಒಂದು ಹಿಡಿ ಹಾಕಿಸಿಕೊಡಲಿ.

ಆರಂಭದಲ್ಲಿ ಹೇಳಿದ ಅಜ್ಜಿಯ ಮನೆಯವರಿಗೂ ನಾವು ಇಷ್ಟನ್ನೇ ಹೇಳಿದ್ದೆವು. ಮೊದಲು ಚಮಚ ಕೈಗೆ ಕೊಡಿ, ಉಳಿದದ್ದು ಆಮೇಲೆ. ಮೊದಲ ದಿನ ಅರ್ಧ ಗಂಜಿ ಮಡಿಲಿಗೇ ಚೆಲ್ಲಿತು. ಕೆಲವು ವಾರಗಳ ನಂತರ ಹೋದಾಗ ಅಜ್ಜಿ ಕುರ್ಚಿಯಲ್ಲಿ ಕುಳಿತು ತಾವೇ ಉಣ್ಣುತ್ತಿದ್ದರು. ನಡೆಯಲು ವಾಕರ್ ಬೇಕಿತ್ತು, ಸ್ನಾನಕ್ಕೆ ಸೊಸೆ ಬೇಕಿತ್ತು. ಆದರೆ ನಮ್ಮನ್ನು ಕಂಡು "ಕುಳಿತುಕೊಳ್ಳಿ, ಚಹಾ ಕುಡಿದೇ ಹೋಗಬೇಕು" ಎಂದು ಮನೆಯ ಯಜಮಾನಿಯಂತೆ ಹೇಳಿದರು.